ಹೆರ್ಮೋನ್ ಓಣಿಯ ಹೆಗಲುಗಳು

ಹಾಪ್ಕಿನ್ ಟ್ರೆಹಾರ್ನನಿಗೆ ಮನುಷ್ಯರ ಮುಖಕ್ಕಿಂತ ಹೆಗಲಿನ ಗುರುತು ಚೆನ್ನಾಗಿತ್ತು. ಕೂಮ್‌ಹೆಲಿಗ್ ಊರಿನ ತಂಡದ ಮುಂಚೂಣಿಯಲ್ಲಿ ಅವನು ಒಂಬತ್ತು ವರ್ಷ ರಗ್ಬಿ ಆಡಿದ್ದ. ವೇಲ್ಸ್ ದೇಶದ ಕೆಂಪು ಜರ್ಸಿಯನ್ನು ನಾಲ್ಕು ಸಲ ತೊಟ್ಟಿದ್ದ. ಆಗಿನ ಆಟವೆಂದರೆ ಓಟಕ್ಕಿಂತ ದಬ್ಬಾಟವೇ ಜಾಸ್ತಿ. ಒಂದೊಂದು ಕಡೆಯಿಂದ ಒಂಬತ್ತು ಜನ ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಬೆಸೆದು, ಎದುರಿನವರನ್ನು ಕೋಣಗಳ ಹಾಗೆ ದಬ್ಬಬೇಕು. ಸ್ಕ್ರಮ್ ಎಂದು ಅದಕ್ಕೆ ಹೆಸರು. ಅದರೊಳಗೆ ಹೊಕ್ಕವನಿಗೆ ಬೆಳಕು ಕಾಣುವುದಿಲ್ಲ. ಕೆಸರು, ಬೆವರು, ಪಕ್ಕದವನ ಬಿಸಿಯುಸಿರು, ಅಷ್ಟೆ. ಯಾರು ಎಲ್ಲಿದ್ದಾರೆಂಬುದನ್ನು ಮೈಯೇ ತಿಳಿದುಕೊಳ್ಳಬೇಕು.

ನಾಯಕ ಸೈಮನ್ ಹವರ್ಡನ ಹೆಗಲೆಲುಬು ಸಲಿಕೆಯ ಅಂಚಿನ ಹಾಗೆ ಚುಚ್ಚುತ್ತಿತ್ತು. ಕುಳ್ಳ ತಲ್ಯೇಸಿನ್‌ನ ಮುರಿದ ಮೂಗಿನಿಂದ ಉಸಿರು ಸಿಳ್ಳೆ ಹಾಕುತ್ತಿತ್ತು. ಇನ್ನು ಹಾಪ್ಕಿನ್ನನ ಎಡಗಡೆ ಆರು ವರ್ಷದಿಂದ ಇದ್ದವನು ಈನೋಸ್ ಗ್ವಿದರ್, ಅವನ ಹೆಂಡತಿಯ ತಮ್ಮ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮುರಿದ ಕೊರಳೆಲುಬು ಸೊಟ್ಟಗೆ ಕೂಡಿಕೊಂಡು ಅಲ್ಲಿ ಗೋಲಿಯಷ್ಟು ದೊಡ್ಡ ಗಂಟು ಆಗಿತ್ತು. ಆ ಗಂಟು ತಾಗಿತೆಂದರೆ ಹಾಪ್ಕಿನ್ನನಿಗೆ ಧೈರ್ಯ. ಇಬ್ಬರೂ ಒಂದೇ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಕೆಂಪಗೆ ಕಾದ ತಗಡನ್ನು ಈನೋಸ್ ಉರುಳೆಯಿಂದ ಎಳೆದುಕೊಟ್ಟರೆ ಹಾಪ್ಕಿನ್ ಇಕ್ಕಳದಲ್ಲಿ ಹಿಡಿದು, ಕಾಲಲ್ಲಿ ಮೆಟ್ಟಿ ಮಡಿಸುತ್ತಿದ್ದ. ವಾರಕ್ಕೆ ಆರು ದಿನ ಬೆಂಕಿಯ ಮುಂದೆ, ಶನಿವಾರ ಮಧ್ಯಾಹ್ನ ಕೆಸರಿನಲ್ಲಿ, ಯಾವಾಗಲೂ ಜೊತೆ.

ಆ ವರ್ಷ ನವೆಂಬರಿನ ಎರಡನೇ ಶನಿವಾರ ಆಟ ಮುಗಿದ ಮೇಲೆ ಉಳಿದವರೆಲ್ಲ ಬಿಯರ್ ಕುಡಿಯಲು ಹೋದರು. ಹಾಪ್ಕಿನ್ ಮಾತ್ರ ತವರುಮನೆಗೆ ಹೋಗಿದ್ದ ಹೆಂಡತಿ ಕೆಟೂರಾಳನ್ನು ಕರೆತರಲು ಹೊರಟ. ಅತ್ತೆಯ ಮನೆಗೆ ಹತ್ತಿರದ ದಾರಿಯೆಂದರೆ ಹೆರ್ಮೋನ್ ಚಾಪೆಲಿನ, ಅಂದರೆ ಊರಿನ ಪ್ರಾರ್ಥನಾ ಮಂದಿರದ, ಓಣಿ. ದೀಪ ಹಚ್ಚುವ ಹೊತ್ತು. ಎರಡು ಕಡೆಯೂ ಪಾಚಿಗಟ್ಟಿದ ಕಲ್ಲುಗೋಡೆ, ತುದಿಯಲ್ಲಿ ಚಾಪೆಲಿನ ಸ್ಮಶಾನದ ಗೇಟು.

ಓಣಿಯನ್ನು ಅರ್ಧ ಹತ್ತಿದ್ದನೋ ಇಲ್ಲವೋ, ಅವನ ಎದೆಗೆ ಯಾರದೋ ಬೆನ್ನು ತಾಗಿತು.

ಮುಂದೆ ಯಾರೂ ಇರಲಿಲ್ಲ. ಪಕ್ಕಕ್ಕೆ ಸರಿಯೋಣವೆಂದರೆ ಬಲಕ್ಕೂ ಜನ. ಹಿಂದಿನಿಂದ ಯಾರದೋ ಎದೆ ಅವನ ಬೆನ್ನಿಗೆ ಒತ್ತಿತು. ಕಣ್ಣಿಗೆ ಖಾಲಿ ಓಣಿ ಕಾಣುತ್ತಿತ್ತು; ಮೈಗೆ ಮಾತ್ರ ಸಂತೆಯ ನೂಕುನುಗ್ಗಲು. ಒದ್ದೆಯಾದ ಕಪ್ಪು ಬಟ್ಟೆಯ ವಾಸನೆ, ಕರ್ಪೂರದ ಗುಳಿಗೆಯ ವಾಸನೆ ಬಂತು. ಬೂಟುಗಳ ಸದ್ದೂ ಇಲ್ಲ, ಮಾತೂ ಇಲ್ಲ. ಎಲ್ಲರೂ ನಿಧಾನವಾಗಿ ಮೇಲಕ್ಕೆ ನಡೆಯುತ್ತಿದ್ದರು, ಅವನನ್ನೂ ನಡೆಸುತ್ತಿದ್ದರು. ಆಗ ಅವನ ಎಡ ಹೆಗಲ ಮೇಲೆ ಭಾರ ಕೂತಿತು. ಕತ್ತಿನ ಪಕ್ಕಕ್ಕೆ ಹಲಗೆಯ ಅಂಚು ತಣ್ಣಗೆ ಒತ್ತಿತು.

ಅವನಿಗೆ ತಿಳಿಯಿತು. ಅಜ್ಜಿ ಹೇಳುತ್ತಿದ್ದಳು, ತೊಯ್ಲಿ ಎಂದು. ಊರಲ್ಲಿ ನಡೆಯಬೇಕಾದ ಶವಯಾತ್ರೆ ನಡೆಯುವ ಮೊದಲೇ ಒಮ್ಮೆ ನಡೆದು ಹೋಗುತ್ತದಂತೆ. ಅದಕ್ಕೆ ಎದುರಾದವನು ಗೋಡೆಗೆ ಒತ್ತಿ ನಿಲ್ಲಬೇಕಂತೆ. ಅವನು ನಿಂತಿರಲಿಲ್ಲ. ಒಳಗೆ ಸಿಕ್ಕಿಬಿದ್ದಿದ್ದ.

ಮುಂದಿನ ಬೆನ್ನು ಸೈಮನ್ನನದು. ಆ ಸಲಿಕೆಯಂಥ ಎಲುಬು ಬೇರೆ ಯಾರಿಗಿದೆ? ಹಿಂದೆ ಸಿಳ್ಳೆಯ ಉಸಿರು, ತಲ್ಯೇಸಿನ್. ಒಬ್ಬೊಬ್ಬರನ್ನೇ ಮೈಯಿಂದ ಗುರುತು ಹಿಡಿಯುತ್ತ ಹೋದ. ತಂಡದವರೆಲ್ಲ ಅಲ್ಲಿದ್ದರು. ಕೊನೆಗೆ ಆ ಗೋಲಿಯ ಗಂಟನ್ನು ಹುಡುಕಿದ. ಸಿಗಲಿಲ್ಲ. ಆರು ವರ್ಷದಿಂದ ಈನೋಸ್ ಇದ್ದ ಕಡೆ ಈಗ ಹಲಗೆಯಿತ್ತು.

ಗೇಟಿನ ಹತ್ತಿರ ಗುಂಪು ಗಕ್ಕನೆ ನಿಂತಿತು. ಗೇಟು ಮುಚ್ಚಿತ್ತು. ಬರೀ ಮುಚ್ಚಿದ್ದಲ್ಲ, ಆ ಕಡೆಯಿಂದ ಯಾರೋ ದಬ್ಬಿ ಹಿಡಿದ ಹಾಗಿತ್ತು. ಎದುರಿನಿಂದ ದಬ್ಬಿದರೆ ಏನು ಮಾಡಬೇಕೆಂಬುದು ಹಾಪ್ಕಿನ್ನನ ಬುದ್ಧಿಗಿಂತ ಮೊದಲು ಅವನ ಮೈಗೆ ಗೊತ್ತಿತ್ತು. ತಲೆ ತಗ್ಗಿಸಿದ, ಹಿಮ್ಮಡಿ ಊರಿದ, ಹೆಗಲು ಕೊಟ್ಟ. ಗೇಟು ಕಿರ್ರೆಂದು ತೆರೆಯಿತು. ಆ ಕ್ಷಣದಲ್ಲೇ ಮೈಮೇಲಿನ ಒತ್ತಡವೆಲ್ಲ ಇಳಿದುಹೋಗಿ, ಅವನು ಸ್ಮಶಾನದ ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ ಬಿದ್ದ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಚಾಪೆಲಿನ ಹಿಂಬಾಗಿಲು ಪಟ್ಟನೆ ಮುಚ್ಚಿದ ಸದ್ದು ಮಾತ್ರ ಕೇಳಿತು. ಗಾಳಿಯಿರಬೇಕು ಎಂದುಕೊಂಡ.

ಮರುದಿನ ಈನೋಸ್ ಮನೆಯ ಹಿಂದಿನ ಹಂದಿಗೂಡಿನ ಗೋಡೆಯ ಮೇಲೆ ಕೂತು ಪೈಪು ಸೇದುತ್ತಿದ್ದ. ಕೆಟೂರಾ ಮತ್ತು ಅತ್ತೆ ಚಾಪೆಲಿಗೆ ಹೋಗಿದ್ದರು. ಗಂಡಸರಿಬ್ಬರಿಗೆ ಆ ತಾಪತ್ರಯವಿರಲಿಲ್ಲ. ರಗ್ಬಿ ಸೈತಾನನ ಆಟವೆಂದು ಚಾಪೆಲಿನ ಹಿರಿಯರು ತೀರ್ಮಾನಿಸಿ, ಇವರಿಬ್ಬರೂ ಸೇರಿದಂತೆ ತಂಡದಲ್ಲಿದ್ದ ಐವರ ಹೆಸರನ್ನು ಎರಡು ವರ್ಷದ ಹಿಂದೆಯೇ ಹೆರ್ಮೋನಿನ ಸದಸ್ಯರ ಪುಸ್ತಕದಿಂದ ಹೊಡೆದು ಹಾಕಿದ್ದರು.

"ಲೋ ಈನೋಸ್, ಈ ವರ್ಷ ನೀನು ಆಡೋದು ಬೇಡ ಕಣೋ," ಎಂದ ಹಾಪ್ಕಿನ್.

"ಯಾಕೆ ಭಾವ? ಬೇರೆ ಯಾರಾದ್ರೂ ಚೆನ್ನಾಗಿರೋನು ಸಿಕ್ಕಿದ್ನಾ? ಆರು ವರ್ಷ ಸಂಸಾರ ಮಾಡಿ ಈಗ ಬಿಟ್ಟುಬಿಡ್ತೀರಾ?"

ಹಾಪ್ಕಿನ್ ನಗಲಿಲ್ಲ. ಹಿಂದಿನ ಸಂಜೆಯದನ್ನೆಲ್ಲ ಹೇಳಿದ. ಈನೋಸ್ ಪೈಪು ಆರುವವರೆಗೂ ಕೇಳಿಸಿಕೊಂಡ.

"ಎಲ್ಲಿಗೆ ಹೋಯ್ತು ಅಂದ್ರಿ ಮೆರವಣಿಗೆ?"

"ಹೆರ್ಮೋನಿಗೆ. ಗೇಟಿನ ಒಳಕ್ಕೆ."

"ಹಂಗಾದ್ರೆ ಅದು ನಾನಲ್ಲ ಬಿಡಿ!" ಈನೋಸ್ ತೊಡೆ ತಟ್ಟಿ ನಕ್ಕ. "ಪೆನ್ರಿ ಪಾದ್ರಿಗಳು ಬದುಕಿರೋವಾಗ್ಲೇ ನನ್ನ ಒಳಗೆ ಸೇರಿಸಲ್ಲ, ಸತ್ತ ಮೇಲೆ ಸೇರಿಸ್ತಾರಾ? ಯಾರೋ ಪುಣ್ಯವಂತ ಮುದುಕಪ್ಪಂದು ಇರ್ಬೇಕು."

"ಮುದುಕಪ್ಪನ ಹೊರೋಕೆ ನಮ್ಮ ತಂಡ ಯಾಕೋ ಬರುತ್ತೆ?"

ಈನೋಸ್ ಆರಿದ ಪೈಪನ್ನು ಗೋಡೆಗೆ ಬಡಿದು ಬೂದಿ ಕೊಡವಿದ. "ಆಯ್ತು ಮಾರಾಯ್ರೆ. ಕ್ರಿಸ್‌ಮಸ್ ತನಕ ಆಡಲ್ಲ. ಮೊಣಕಾಲು ಉಳುಕಿದೆ ಅಂತ ಹೇಳ್ತೀನಿ. ಅಕ್ಕನಿಗೆ ಮಾತ್ರ ಬಾಯಿ ಬಿಡಬೇಡಿ. ಅವಳಿಗೆ ಗೊತ್ತಾದ್ರೆ ನನ್ನ ಈ ಹಂದಿ ಜೊತೆಗೇ ಕಟ್ಟಿಹಾಕ್ತಾಳೆ."

ಮಾತಿಗೆ ತಪ್ಪಲಿಲ್ಲ. ಮೂರು ಶನಿವಾರ ಮೈದಾನದ ಅಂಚಿನಲ್ಲಿ ಕೋಟು ಹಾಕಿಕೊಂಡು ನಿಂತ. ಕೂಮ್‌ಹೆಲಿಗ್ ಮೂರು ಆಟವನ್ನೂ ಸೋತಿತು. ಜನ ಸುಮ್ಮನಿರುತ್ತಾರೆಯೇ? "ಏನಪ್ಪಾ ಗ್ವಿದರ್, ಮೊಣಕಾಲಿಗೆ ಅಮ್ಮ ಮುಲಾಮು ಹಚ್ಚಿದ್ಲಾ?" ಎಂದು ಹೆಂಗಸರು ಕೂಡ ಕೇಳಿದರು. ಹಾಪ್ಕಿನ್ನನ ಆಟವೂ ಕೆಟ್ಟಿತು. ಎಡಗಡೆ ಹೊಸಬನೊಬ್ಬ ನಿಂತಿದ್ದ. ದಬ್ಬಬೇಕಾದಾಗ ಇವನ ಮೈ ಗಂಟನ್ನು ಹುಡುಕುತ್ತಿತ್ತು, ಅಷ್ಟರಲ್ಲಿ ಎದುರಿನವರು ದಬ್ಬಿಬಿಡುತ್ತಿದ್ದರು. ದಿನ ಕಳೆದ ಹಾಗೆ ಓಣಿಯ ಸಂಜೆ ಮಸುಕಾಯಿತು. ದಣಿದ ಮೈ, ಖಾಲಿ ಹೊಟ್ಟೆ, ಏನೋ ತಲೆ ತಿರುಗಿರಬೇಕು ಎನ್ನಿಸತೊಡಗಿತು.

ನಾಲ್ಕನೇ ಶನಿವಾರ ಬಂದರಿನ ತಂಡದೊಂದಿಗೆ ಆಟ. ಅವರ ಮೇಲೆ ಕೂಮ್‌ಹೆಲಿಗ್‌ಗೆ ಅಪ್ಪಂದಿರ ಕಾಲದ ಜಿದ್ದು. ಗುಂಡು ಟೋಪಿ ಹಾಕಿದ ಇಬ್ಬರು ದೊಡ್ಡ ಮನುಷ್ಯರು ಕಾರ್ಡಿಫ್‌ನಿಂದ ಬಂದು ಕುರ್ಚಿಯಲ್ಲಿ ಕೂತಿದ್ದರು. ಜನವರಿಯಲ್ಲಿ ವೇಲ್ಸ್ ಪರವಾಗಿ ಯಾರು ಆಡಬೇಕೆಂದು ಆರಿಸುವವರು ಅವರೇ. ಆಟ ಶುರುವಾಗಬೇಕು, ಇವರಲ್ಲಿ ಒಬ್ಬ ಕಡಿಮೆ. ಈನೋಸನ ಜಾಗದಲ್ಲಿ ಆಡುತ್ತಿದ್ದ ಹೊಸಬನಿಗೆ ಕಾರ್ಖಾನೆಯಲ್ಲಿ ಪಾಳಿ ಮುಗಿದಿರಲಿಲ್ಲ.

"ಎಂಟು ಜನ ಇಟ್ಕೊಂಡು ಅವರನ್ನ ದಬ್ಬೋಕಾಗುತ್ತೇನ್ರೋ?" ಸೈಮನ್ ತಲೆ ಚಚ್ಚಿಕೊಂಡ.

ಹಾಪ್ಕಿನ್ ಅಂಚಿನ ಕಡೆ ನೋಡಿದ. ಈನೋಸ್ ಕೈಗಳನ್ನು ಜೇಬಿಗೆ ಹಾಕಿ ನಿಂತಿದ್ದ. ಹಾಪ್ಕಿನ್ ಗುಂಡು ಟೋಪಿಗಳ ಕಡೆಯೂ ನೋಡಿದ. ಆಮೇಲೆ ಕೈ ಎತ್ತಿದ.

"ಬಾರೋ!" ಎಂದು ಕೂಗಿದ.

ಈನೋಸ್ ಹುಬ್ಬು ಹಾರಿಸಿ, "ನಿಜವಾಗ್ಲೂ?" ಎನ್ನುವ ಹಾಗೆ ನೋಡಿದ. ಹಾಪ್ಕಿನ್ ಇನ್ನೊಂದು ಸಲ ಕೈ ಬೀಸಿದ. ಈನೋಸ್ ಕೋಟು ಕಳಚಿ ಬೇಲಿಗೆ ಎಸೆದು ನಗುತ್ತ ಓಡಿ ಬಂದ.

ಮೊದಲರ್ಧವೆಲ್ಲ ಹಬ್ಬ. ಎಡಗಡೆ ಗಂಟು ತಾಗಿದ್ದೇ ಹಾಪ್ಕಿನ್ನನ ಕಾಲಿಗೆ ಬಲ ಬಂತು. ಬಂದರಿನವರನ್ನು ಹತ್ತು ಗಜ, ಹದಿನೈದು ಗಜ ದಬ್ಬಿಕೊಂಡು ಹೋದರು. ಎರಡನೇ ಅರ್ಧದಲ್ಲಿ, ಗೋಲಿನ ಗೆರೆಯ ಹತ್ತಿರ, ಸ್ಕ್ರಮ್ ಒಂದೇ ಸಲಕ್ಕೆ ಕುಸಿಯಿತು. ಈನೋಸನ ತಲೆ ಕೆಳಗಾಗಿತ್ತು. ಅವನ ಮೇಲೆ ಹತ್ತು ಹನ್ನೆರಡು ಜನ. ಹಿಂದಿನವರು ಇನ್ನೂ ದಬ್ಬುತ್ತಲೇ ಇದ್ದರು. ಒಣ ಪುರಳೆ ಮುರಿದಂಥ ಸದ್ದೊಂದು ಹಾಪ್ಕಿನ್ನನ ಕಿವಿಯ ಪಕ್ಕದಲ್ಲೇ ಆಯಿತು. ಬೇರೆ ಯಾರಿಗೂ ಕೇಳಿಸಲಿಲ್ಲ.

ಒಬ್ಬೊಬ್ಬರಾಗಿ ಎದ್ದರು. ಈನೋಸ್ ಏಳಲಿಲ್ಲ. ಕಣ್ಣು ತೆರೆದೇ ಇತ್ತು.

"ಭಾವ," ಎಂದ ಮೆಲ್ಲಗೆ, "ನನ್ನ ಕಾಲು ಎಲ್ಲಿದೆ ನೋಡ್ತೀರಾ?"

ಭಾನುವಾರ ಬೆಳಗ್ಗೆ ಚಾಪೆಲಿನವರು ಎರಡನೇ ಹಾಡು ಹಾಡುತ್ತಿದ್ದಾಗ ಈನೋಸ್ ತೀರಿಕೊಂಡ.

ಅವನ ಅಪ್ಪನ ಸಮಾಧಿ ಹೆರ್ಮೋನಿನಲ್ಲಿತ್ತು, ಪಕ್ಕದಲ್ಲಿ ಜಾಗವೂ ಇತ್ತು. ಆದರೆ ಹಿರಿಯರು ಸಭೆ ಸೇರಿ, ಆಟದಲ್ಲಿ ಸತ್ತವನಿಗೆ ಹೆರ್ಮೋನಿನ ಮಣ್ಣು ಇಲ್ಲ ಎಂದುಬಿಟ್ಟರು. ಅತ್ತೆ ಆ ಮಾತು ಕೇಳಿ ಅಳಲೂ ಇಲ್ಲ; ಒಲೆಯ ಮುಂದೆ ಕೂತವಳು ಕೂತೇ ಇದ್ದಳು. ಸೋಮವಾರ ಮಧ್ಯಾಹ್ನ ಹಾಪ್ಕಿನ್ ಪಾದ್ರಿಯ ಮನೆಯ ಬಾಗಿಲು ತಟ್ಟಿದ.

ಅಜರಾಯ ಪೆನ್ರಿ ಎತ್ತರದ, ಒಣಗಿದ ಮುದುಕ. ಉಪದೇಶಕ್ಕೆ ನಿಂತರೆ ಕಿಟಕಿಯ ಗಾಜು ನಡುಗುತ್ತದೆ ಎನ್ನುತ್ತಿದ್ದರು. ಆ ದಿನ ಮಾತ್ರ ಧ್ವನಿ ಮೇಲೇಳಲಿಲ್ಲ.

"ಹಿರಿಯರ ತೀರ್ಮಾನ ಟ್ರೆಹಾರ್ನ್. ನಾನೊಬ್ಬ ಏನು ಮಾಡ್ಲಿ?"

"ಅವನ ಅಪ್ಪನ ಪಕ್ಕದಲ್ಲಿ ಜಾಗ ಇದೆ ಪಾದ್ರಿಗಳೇ. ಅಲ್ದೆ ಅವನು ಒಳಗೆ ಹೋಗೋದು ಆಗ್ಲೇ ಆಗಿಹೋಗಿದೆ. ನಾನೇ ಹೊತ್ತಿದೀನಿ."

ಹೇಳಬೇಕೆಂದು ಬಂದಿರಲಿಲ್ಲ, ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಉಳಿದದ್ದನ್ನೂ ಹೇಳಿದ. ಓಣಿ, ಕಾಣದ ಜನ, ಹೆಗಲ ಮೇಲಿನ ಹಲಗೆ. ಕ್ರೈಸ್ತರಲ್ಲದವರ ಮೂಢನಂಬಿಕೆ ಎಂದು ಪಾದ್ರಿ ಬೈದು ಹೊರಗಟ್ಟುತ್ತಾರೆ ಎಂದುಕೊಂಡಿದ್ದ. ಪೆನ್ರಿ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತರು.

"ಯಾವ ದಿನ?"

"ನವೆಂಬರ್ ಎರಡನೇ ಶನಿವಾರ. ದೀಪ ಹಚ್ಚೋ ಹೊತ್ತು."

"ಗೇಟು ಮೊದಲು ತೆರೀಲಿಲ್ಲ, ಅಲ್ವಾ?"

ಹಾಪ್ಕಿನ್ ಪಾದ್ರಿಯನ್ನೇ ದಿಟ್ಟಿಸಿದ. ಗೇಟು ಮುಚ್ಚಿತ್ತೆಂಬುದನ್ನು ಅವನು ಹೇಳಿಯೇ ಇರಲಿಲ್ಲ.

"ಆ ಕಡೆ ಇದ್ದದ್ದು ನಾನಪ್ಪ," ಎಂದರು ಪೆನ್ರಿ. "ಚಾಪೆಲಿಗೆ ಬೀಗ ಹಾಕೋಕೆ ಹೋಗಿದ್ದೆ. ಓಣಿ ತುಂಬ ಜನರ ಉಸಿರು ಕೇಳಿಸ್ತು, ಒಬ್ಬರೂ ಕಾಣಿಸ್ಲಿಲ್ಲ. ನಾನು ಕಾರ್ಡಿಗನ್ ಸೀಮೆಯವನು, ತೊಯ್ಲಿ ಕಥೆ ಕೇಳ್ಕೊಂಡೇ ಬೆಳೆದವನು, ಅದೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನನ್ನೇ ಕರ್ಕೊಂಡು ಹೋಗೋಕೆ ಬಂದಿದೆ ಅಂದ್ಕೊಂಡೆ. ಮೂವತ್ತು ವರ್ಷ ಜನಕ್ಕೆ ಸಾವಿಗೆ ಹೆದರಬೇಡಿ ಅಂತ ಹೇಳಿದವನು, ಓಡಿಹೋಗಿ ಗೇಟಿಗೆ ಬೆನ್ನು ಕೊಟ್ಟು ನಿಂತೆ." ಬೆನ್ನನ್ನು ಕುರ್ಚಿಗೆ ಒತ್ತಿಕೊಂಡರು. "ಆ ಕಡೆಯಿಂದ ಒಂದು ದಬ್ಬು ಬಂತು ನೋಡು. ಅಬ್ಬಾ. ಆಮೇಲೆ ತಿರುಗಿ ನೋಡದೆ ಚಾಪೆಲಿನೊಳಗೆ ಓಡಿದೆ."

"ಆ ದಬ್ಬು ನಂದು," ಎಂದ ಹಾಪ್ಕಿನ್. "ನೀವಿದೀರಿ ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ನಿಲ್ಲಿಸ್ತಿದ್ಯಾ?"

ಹಾಪ್ಕಿನ್ ಯೋಚಿಸಿದ. "ಇಲ್ಲ ಅನ್ಸುತ್ತೆ. ಎದುರಿಗೆ ಯಾರಾದ್ರೂ ದಬ್ಬಿದ್ರೆ ನನಗೆ ನಿಲ್ಲೋಕೆ ಬರಲ್ಲ." ಮತ್ತೆ, ತಡೆಯಲಾರದೆ ಕೇಳಿದ: "ನಾನು ದಬ್ಬದೇ ಇದ್ದಿದ್ರೆ, ಪಾದ್ರಿಗಳೇ? ಗೇಟು ಮುಚ್ಚೇ ಇದ್ದಿದ್ರೆ?"

ಪೆನ್ರಿ ಎದ್ದು ಟೋಪಿ ಹಾಕಿಕೊಂಡರು. "ಹಿರಿಯರ ಹತ್ರ ನಾನು ಮಾತಾಡ್ತೀನಿ. ಒಪ್ಪದೇ ಹೋದ್ರೆ ಬೇರೆ ಪಾದ್ರೀನ ಹುಡುಕ್ಕೊಳ್ಳಲಿ. ಬುಧವಾರ ಕರ್ಕೊಂಡು ಬನ್ನಿ."

ಮಂಗಳವಾರ ಕೆಟೂರಾ ತಮ್ಮನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ನೀನು ಕರೆದ್ಯಂತೆ."

"ಹೂಂ."

"ಅವನು ಬರಲ್ಲ ಅಂದ್ನಾ?"

"ಇಲ್ಲ. ನಗ್ತಾ ಓಡಿ ಬಂದ."

ಕೆಟೂರಾ ಇಸ್ತ್ರಿಪೆಟ್ಟಿಗೆಯನ್ನು ಒಲೆಯ ಮೇಲಿಟ್ಟು, ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಹಾಪ್ಕಿನ್ ಹತ್ತಿರ ಹೋದ. ಅವಳು ಅವನ ಕೈಯನ್ನು ತಳ್ಳಲೂ ಇಲ್ಲ, ಹಿಡಿಯಲೂ ಇಲ್ಲ. ಆಮೇಲೆ ಅಂಗಿ ಸುಕ್ಕಾಯಿತೆಂದು ಮತ್ತೆ ಇಸ್ತ್ರಿ ಹಾಕಿದಳು.

ಬುಧವಾರ ಜಿಟಿಜಿಟಿ ಮಳೆ. ಆರು ಜನ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಯಾರು ಎಲ್ಲಿ ನಿಲ್ಲಬೇಕೆಂದು ಹಾಪ್ಕಿನ್ ಯಾರಿಗೂ ಹೇಳಲಿಲ್ಲ. ಆದರೂ ಸೈಮನ್ ಬಂದು ಅವನ ಮುಂದೆ ನಿಂತ. ತಲ್ಯೇಸಿನ್ ಹಿಂದೆ. ಬಲಗಡೆ ಜನ ಒತ್ತಿಕೊಂಡರು. ಒದ್ದೆ ಕಪ್ಪು ಬಟ್ಟೆ, ಕರ್ಪೂರದ ಗುಳಿಗೆ. ಓಣಿಯಲ್ಲಿ ಒಂದೊಂದು ಹೆಜ್ಜೆಯೂ ಅವನಿಗೆ ಗೊತ್ತಿತ್ತು. ಈ ಕಲ್ಲಿನ ಹತ್ತಿರ ಸೈಮನ್ ಎಡವುತ್ತಾನೆ ಎಂದುಕೊಂಡ, ಸೈಮನ್ ಎಡವಿದ. ಒಂದೇ ಒಂದು ವ್ಯತ್ಯಾಸವಾದರೂ ಸಿಗಲಿ ಎಂದು ಹುಡುಕಿದ. ಯಾರಾದರೂ ಕೆಮ್ಮಲಿ, ಯಾರಾದರೂ ತಪ್ಪು ಕಾಲಿಡಲಿ. ಇಲ್ಲ.

ಗೇಟಿನ ಹತ್ತಿರ ಪೆನ್ರಿ ನಿಂತಿದ್ದರು. ಎರಡೂ ಕೈಯಿಂದ ಗೇಟನ್ನು ಅಗಲವಾಗಿ ತೆರೆದು ಹಿಡಿದಿದ್ದರು. ಮುಂದೆ ತಡೆಯಿರಲಿಲ್ಲ. ಆದರೂ ಅಲ್ಲಿಗೆ ಬಂದದ್ದೇ ಸೈಮನ್ನನ ಬೆನ್ನು ಹಾಪ್ಕಿನ್ನನ ಎದೆಗೆ ತಾಗಿ ನಿಂತಿತು.

"ಯಾಕೋ ನಿಂತೆ?" ತಲ್ಯೇಸಿನ್ ಹಿಂದಿನಿಂದ ಪಿಸುಗುಟ್ಟಿದ.

"ಗೊತ್ತಿಲ್ಲ ಕಣೋ," ಎಂದ ಸೈಮನ್. ಅವನ ಕಿವಿ ಬೆಳ್ಳಗಾಗಿತ್ತು. "ಕಾಲು ಹೋಗ್ತಿಲ್ಲ."

ತೆರೆದ ಗೇಟಿನ ಆಚೆ ಪೆನ್ರಿ ಹಾಪ್ಕಿನ್ನನ ಮುಖವನ್ನೇ ನೋಡುತ್ತಿದ್ದರು. ಜನ ಹಿಂದಿನಿಂದ ಒತ್ತುತ್ತಿದ್ದರು. ಯಾರು ದಬ್ಬಬೇಕೆಂಬುದು ಆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಹಾಪ್ಕಿನ್ ತುಂಬ ಹೊತ್ತು ನಿಂತ. ಅಲ್ಲೇ ನಿಂತುಬಿಟ್ಟರೆ ಈನೋಸ್ ಸತ್ತಿಲ್ಲವೆಂದಾಗುತ್ತದೆಯೋ ಏನೋ ಎನ್ನುವ ಹಾಗೆ. ಪೆಟ್ಟಿಗೆ ಭಾರವಾಗುತ್ತ ಬಂತು. ಕೊನೆಗೆ ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಹಿಮ್ಮಡಿ ಊರಿ ಹೆಗಲು ಕೊಟ್ಟ.

ಎಲ್ಲರೂ ಒಳಗೆ ಹೋದರು.

ಜನವರಿಯಲ್ಲಿ ಕಾರ್ಡಿಫ್‌ನಿಂದ ಕಾಗದ ಬಂತು. ಹಾಪ್ಕಿನ್ ಐದನೇ ಸಲ ಕೆಂಪು ಜರ್ಸಿ ತೊಟ್ಟು ಆಡಿದ. ಎಡಗಡೆ ನ್ಯೂಪೋರ್ಟಿನ ಯಾರೋ ಇದ್ದ. ಒಳ್ಳೆಯ ಆಟಗಾರ, ಗಟ್ಟಿ ಮನುಷ್ಯ. ಎಂಬತ್ತು ನಿಮಿಷವೂ ಹಾಪ್ಕಿನ್ನನಿಗೆ ಅವನ ಹೆಗಲು ಗುರುತಾಗಲಿಲ್ಲ. ಬಲಗಡೆಯವನದೂ ಆಗಲಿಲ್ಲ, ಮುಂದಿನವನದೂ ಆಗಲಿಲ್ಲ. ಕತ್ತಲ ಕೋಣೆಯಲ್ಲಿ ಅಪರಿಚಿತರ ನಡುವೆ ಸಿಕ್ಕಿಕೊಂಡ ಹಾಗಿತ್ತು. ಆಟ ಮುಗಿದ ಮೇಲೆ ಬೂಟನ್ನು ಅಲ್ಲೇ ಬೆಂಚಿನ ಕೆಳಗೆ ಬಿಟ್ಟು ಬಂದ. ಮತ್ತೆ ಆಡಲಿಲ್ಲ.

ಈ ಸಂಗತಿ ಊರಿಗೆ ಹೇಗೆ ಗೊತ್ತಾಯಿತೋ ಯಾರಿಗೂ ತಿಳಿಯದು. ಪೆನ್ರಿ ಹೇಳುವವರಲ್ಲ. ಸೈಮನ್ ಏನಾದರೂ ಊಹಿಸಿರಬಹುದು. ಅಂತೂ ಜನ ಬರತೊಡಗಿದರು. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಮಲಗಿದ್ದರೆ, ತಗಡಿನ ಕಾರ್ಖಾನೆಯ ಗೇಟಿನಲ್ಲೋ ಬೇಕರಿಯ ಮುಂದೆಯೋ ಅವನನ್ನು ಹಿಡಿದು, "ಈ ವಾರ ಏನಾದ್ರೂ ಹೆಗಲಿಗೆ ಬಂತಾ ಹಾಪ್ಕಿನ್ನಣ್ಣ?" ಎಂದು ಕೇಳುವರು. ಅವನು ಬೈದು ಕಳಿಸುತ್ತಿದ್ದ.

ಆರು ವರ್ಷದ ಮೇಲೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಕಪ್ಪೆಚಿಪ್ಪು ಮಾರುವ ಮೆಲೆರಿ ಎಂಬವಳು ಬಂದು ಅವನ ಹೊಸ್ತಿಲಲ್ಲಿ ನಿಂತಳು. ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸಲಿಲ್ಲ. ಮಗಳಿಗೆ ಗಂಟಲು ಕಟ್ಟಿ ನಾಲ್ಕು ದಿನ ಜ್ವರ. ಅಷ್ಟನ್ನೇ ಹೇಳಿ ಅವನ ಹೆಗಲನ್ನು ನೋಡಿದಳು. ಹಾಪ್ಕಿನ್ ಬೈಯಲು ಹೋಗಿ ಅವಳ ಕಣ್ಣು ನೋಡಿದ.

"ಇಲ್ಲಮ್ಮ," ಎಂದ. "ಓಣಿ ಖಾಲಿ ಇತ್ತು. ಯಾರೂ ಇರ್ಲಿಲ್ಲ. ಮನೆಗೆ ಹೋಗು."

ಮೆಲೆರಿ ಅಳುತ್ತ, ನಗುತ್ತ, ಬುಟ್ಟಿಯಿಂದ ಎರಡು ಬೊಗಸೆ ಕಪ್ಪೆಚಿಪ್ಪು ತೆಗೆದು ಮೇಜಿನ ಮೇಲೆ ಸುರಿದು ಓಡಿದಳು. ಕೆಟೂರಾ ಒಳಗಿನಿಂದ ಬಂದು ಗಂಡನ ಮುಖ ನೋಡಿದಳು.

"ನಿಜ ಹೇಳಿದ್ಯಾ?"

"ನಾನು ಆ ಓಣೀಲಿ ಕಾಲಿಟ್ಟು ಆರು ವರ್ಷ ಆಯ್ತು," ಎಂದ ಹಾಪ್ಕಿನ್. "ಕಲ್ಲುಗಣಿ ಸುತ್ತಿ ಹೋಗ್ತೀನಿ. ನಿನಗೆ ಗೊತ್ತಲ್ಲ."

ಕೆಟೂರಾ ಕಪ್ಪೆಚಿಪ್ಪುಗಳನ್ನು ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟಳು.

ಮೆಲೆರಿಯ ಮಗಳು ಬದುಕಿದಳು. ಮುಂದಿನ ವಾರ ಓಣಿಯ ಸುದ್ದಿ ಕೇಳಲು ಬಾಗಿಲಿಗೆ ಮೂವರು ಬಂದರು.